ಮಾಹಿತಿ ಸನ್ಯಾಸದ ಎಂಟು ದಿನಗಳು

ಶಾಲೆಯ ಗುಮಾಸ್ತರು ಫಾರಂ ತುಂಬಿಸಿಕೊಳ್ಳುತ್ತ, "ಮಗಳು ಎಷ್ಟನೇ ಕ್ಲಾಸು?" ಎಂದು ಕೇಳಿದರು.

"ಏಳು" ಎಂದೆ, ಗಂಭೀರವಾಗಿ.

ಪಕ್ಕದಲ್ಲಿದ್ದ ಮಗಳು ನಿಟ್ಟುಸಿರಿಟ್ಟಳು. "ಒಂಬತ್ತು, ಅಪ್ಪಾ."

ನನ್ನ ಹಿಂದೆ ಸಾಲಿನಲ್ಲಿದ್ದ ಅಪ್ಪಂದಿರೆಲ್ಲ ಬಗ್ಗಿ, ತಂತಮ್ಮ ಮಕ್ಕಳ ಕಿವಿಯಲ್ಲಿ ಏನೋ ಕೇಳಿ ಖಚಿತಪಡಿಸಿಕೊಂಡರು.

ಹಾಗಂತ ನಾನೇನು ಅಜ್ಞಾನಿಯಲ್ಲ. ಪೆಂಗ್ವಿನ್ನಿನ ಮೊಣಕಾಲು ಎಲ್ಲಿದೆ, ಯಾವ ನಟ ಬೆಳಿಗ್ಗೆ ಎಷ್ಟು ಬಾದಾಮಿ ತಿನ್ನುತ್ತಾನೆ, ಎಲ್ಲವೂ ನಾಲಿಗೆಯ ತುದಿಯಲ್ಲಿದೆ. ಮೂವತ್ತೊಂದು ವಾಟ್ಸಾಪ್ ಗ್ರೂಪು, ಎರಡು ಪತ್ರಿಕೆ, ನಾಲ್ಕು ಸುದ್ದಿ ಚಾನೆಲ್ಲು ನನ್ನ ತಲೆಯೊಳಗೆ ನಿತ್ಯ ಸಂತೆ ನಡೆಸುತ್ತಿದ್ದವು. ಆ ಸಂತೆಯಲ್ಲಿ ಮಗಳ ಎರಡು ವರ್ಷ ಕಳೆದುಹೋಗಿತ್ತು.

ಮಾಹಿತಿಗೂ ಒಂದು ಮಿತಿ ಬೇಕು! ಅಂದೇ ಸನ್ಯಾಸ ಸ್ವೀಕರಿಸಿದೆ. ಗ್ರೂಪುಗಳನ್ನೆಲ್ಲ ತೊರೆದೆ. (ಮೂವತ್ತರಲ್ಲಿ ಯಾರೂ ಗಮನಿಸಲಿಲ್ಲ. ಒಂದರಲ್ಲಿ ಚಪ್ಪಾಳೆ ಬಿತ್ತು.) ಪತ್ರಿಕೆ ನಿಲ್ಲಿಸಿದೆ, ಟಿವಿಗೆ ಬೆಡ್‌ಶೀಟ್ ಹೊದಿಸಿದೆ, ಫೋನನ್ನು ಹೆಂಡತಿಯ ಕೈಗಿತ್ತೆ.

"ಒಂದು ತಿಂಗಳು ನಾನು ಕೇಳಿದ್ರೂ ಕೊಡ್ಬೇಡ."

"ಕೇಳಿದ್ರೂ?"

"ಅತ್ರೂ."

ಅವಳು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ತಲೆ ಖಾಲಿಯಾಯಿತು, ಕಿವಿ ತೆರೆಯಿತು. ಸಂಜೆ ಮಗಳೆದುರು ಕುರ್ಚಿ ಎಳೆದುಕೊಂಡು ಕೂತೆ.

"ಅಪ್ಪಾ, ಮುಂದಿನ ವಾರ ಶನಿವಾರ ಫ್ರೆಂಡ್ಸ್ ಜೊತೆ ಬೆಟ್ಟ ಹತ್ತೋಕೆ ಹೋಗ್ಲಾ?"

"ಯಾವ ಬೆಟ್ಟ? ಎಷ್ಟು ಜನ? ಜೊತೇಲಿ ದೊಡ್ಡವರು ಯಾರು? ಅವರಿಗೆ ಈಜು ಬರುತ್ತಾ?"

"ಬೆಟ್ಟಕ್ಕೆ ಈಜು ಯಾಕೆ?"

"ನೋಡು, ಬೆಟ್ಟದ ಬಗ್ಗೆ ನಿನಗೇ ಸರಿಯಾಗಿ ಗೊತ್ತಿಲ್ಲ. ಯೋಚನೆ ಮಾಡೋಣ."

ಮರುದಿನ ಹೆಂಡತಿ, "ರೀ, ಮುಂದಿನ ತಿಂಗಳು ಅಮ್ಮ ಬರ್ತಾರೆ. ಎರಡು ತಿಂಗಳು ಇರ್ತಾರೆ" ಎಂದಳು.

"ಇದು ಯಾವಾಗ ತೀರ್ಮಾನವಾಯ್ತು?"

"ಹೋದ ತಿಂಗಳು. ನಿಮ್ಮನ್ನ ಕೇಳಿದ್ದಕ್ಕೆ ಹೂಂ ಅಂದ್ರಿ."

ಸೋಫಾದ ಮೇಲೆ ಕರಿಬೆಕ್ಕೊಂದು ಕಾಲು ನೆಕ್ಕಿಕೊಳ್ಳುತ್ತಿತ್ತು. "ಇದು ಯಾರ ಮನೇದು?"

"ನಮ್ದೇ. ಅದಕ್ಕೂ ಹೂಂ ಅಂದಿದ್ರಿ. ವರ್ಷ ಆಯ್ತು."

ಬೆಕ್ಕು ನನ್ನನ್ನು ಅಪರಿಚಿತನಂತೆ ನೋಡಿತು.

ಒಂದು ವಾರ ಮನೆಯವರ ಪ್ರತಿ ಮಾತನ್ನೂ ಆಲಿಸಿ, ಪ್ರತಿ ಮಾತಿಗೂ ಉಪಪ್ರಶ್ನೆ ಹಾಕಿದೆ. ಬರಬರುತ್ತ ಅವರ ಮಾತೇ ಕಡಿಮೆಯಾಯಿತು. ಇದೇ ಸರಳ ಜೀವನದ ನೆಮ್ಮದಿ ಎಂದುಕೊಂಡೆ.

ಎಂಟನೆಯ ದಿನ ಮಗಳು ಕೈ ಹಿಂದೆ ಕಟ್ಟಿಕೊಂಡು ಎದುರಿಗೆ ಬಂದು ನಿಂತಳು. ನಾನು ತಯಾರಾಗಿಯೇ ಇದ್ದೆ.

"ಒಂಬತ್ತನೇ ಕ್ಲಾಸು, ಬಿ ಸೆಕ್ಷನ್, ರೋಲ್ ನಂಬರ್ ಮೂವತ್ತನಾಲ್ಕು. ಸರೀನಾ? ಈಗ ಹೇಳು ಪುಟ್ಟಿ, ಅಪ್ಪನಿಂದ ನಿನಗೆ ಇನ್ನೇನು ಬೇಕು?"

ಕಣ್ಣು ಒದ್ದೆಯಾದವು. (ನನ್ನವು.) ಹೆಂಡತಿ ಇದ್ದಕ್ಕಿದ್ದಂತೆ ಬೆಕ್ಕಿನ ಜೊತೆ ಮಾತಿಗೆ ತೊಡಗಿದಳು.

ಮಗಳು ಬೆನ್ನ ಹಿಂದಿನಿಂದ ನನ್ನ ಫೋನ್ ತೆಗೆದು ಅಂಗೈಯಲ್ಲಿಟ್ಟಳು. ನಾನು ಕೇಳಿರಲಿಲ್ಲ, ಅತ್ತಿರಲಿಲ್ಲ. ನೂರಕ್ಕೆ ನೂರು ಚಾರ್ಜಾಗಿತ್ತು.

"ಐದು ನಿಮಿಷ ಇದನ್ನ ನೋಡ್ತಾ ಕೂತ್ಕೋ ಅಪ್ಪಾ. ಬೆಟ್ಟದ ವಿಷಯ ಇನ್ನೊಂದ್ಸಲ ಕೇಳ್ಬೇಕು."