ಕಮಾನು ಪಟ್ಟಿ ತೆಗೆಸಿದ ಕಾರು

ರೊಟ್ಟಿ ಬಡಿಯುವಾಗ ಹೆಂಗಸರು ಮಾತಾಡಬಾರದು. ಕೈಗೆ ಪೂರಾ ಕೆಲಸ, ನಾಲಿಗೆಗೆ ಪೂರಾ ಬಿಡುವು. ಆಗ ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಹೇಳಲಾಗದು. ನಾನು ಒಲೆಯ ಮುಂದೆ ಅಂಥದೊಂದು ಮಾತಾಡಿ ಮರೆತಿದ್ದೆ. ನಾಲ್ಕು ದಿನದ ಮೇಲೆ, ಅದೇ ಒಲೆಯ ಮುಂದೆ ಐದನೆಯ ರೊಟ್ಟಿ ಹೆಂಚಿಗೆ ಹಾಕುತ್ತಿದ್ದಾಗ, ನಮ್ಮ ಯಜಮಾನರು ಬ್ರೂಸ್‌ಪೇಟೆಯ ಮಿಸ್ತ್ರಿಯ ಅಂಗಡಿಯಿಂದ ಓಡಿಬಂದು, "ಏ, ನೀ ಅಂದಂಗ ಮಾಡಿಸಿದೆ ನೋಡು! ಕಾರು ಗಿಡ್ಡ ಆತು!" ಎಂದರು. ಆ ರೊಟ್ಟಿ ಸೀದುಹೋಯಿತು.

ವಿಷಯ ಇಷ್ಟು. ನಮ್ಮ ಅತ್ತೆಗೆ ಶ್ರಾವಣದ ಪ್ರತಿ ಸೋಮವಾರ ಕುರುಗೋಡಿಗೆ ಹೋಗಿ ಬಸವಣ್ಣನಿಗೆ ಕಾಯಿ ಒಡೆಸುವ ಹರಕೆ. ಕಾಯಿ ಒಡೆಯುವ ತನಕ ಹನಿ ನೀರೂ ಬಾಯಿಗೆ ಹಾಕುವುದಿಲ್ಲ. ಆದರೆ ಸೋಮವಾರ ಬಸವಣ್ಣನ ದಿನ, ನಮ್ಮ ಕಡೆ ಅಂದು ಯಾರೂ ಎತ್ತು ಹೂಡುವುದಿಲ್ಲ. ಬಸ್ಸು ಹತ್ತಲು ಅವರ ಮೊಣಕಾಲು ಒಪ್ಪುವುದಿಲ್ಲ. ಉಳಿದದ್ದು ನಮ್ಮ ಕಾರು. ಸಿರುಗುಪ್ಪದ ಅಕ್ಕಿ ಮಿಲ್ಲಿನ ಸಾಹುಕಾರರು ಹೊಸದು ಕೊಂಡಾಗ ನಮ್ಮವರಿಗೆ ದಾಟಿಸಿದ್ದು. ಅದೋ ಆನೆಯಷ್ಟು ಎತ್ತರ. ಹತ್ತುವುದಕ್ಕೆ ಅಂಬಾರಿಯ ಏಣಿಯೇ ಬೇಕು. ಆಗ ನಾನು ಅಂದದ್ದು: "ಅತ್ತಿಯಾರ ಮಂಚದ ಕಾಲು ಕೊಯ್ಸಿದಂಗ ಕಾರಿನ ಕಾಲೂ ಕೊಯ್ಸಿಬಿಡ್ರಿ." ಚೇಷ್ಟೆಗೆ ಅಂದದ್ದು. ನಮ್ಮವರಿಗೆ ನನ್ನ ಬುದ್ಧಿಮಾತು ಒಂದೂ ನಾಟದು, ಚೇಷ್ಟೆ ಮಾತ್ರ ಚೆನ್ನಾಗಿ ನಾಟುತ್ತದೆ.

ಕಾರಿನ ಗಾಲಿಗಳ ಮೇಲೆ, ರೊಟ್ಟಿ ಒಟ್ಟಿದ ಹಾಗೆ, ಕಬ್ಬಿಣದ ಕಮಾನು ಪಟ್ಟಿಗಳು ಒಂದರ ಮೇಲೊಂದು ಇರುತ್ತವಂತೆ. ಮಿಸ್ತ್ರಿ ಪ್ರತಿಯೊಂದು ಗಾಲಿಯಿಂದ ಮೂರು ಮೂರು ತೆಗೆದಿದ್ದ. ಕಾರು ಅಂಗಳದಲ್ಲಿ ಕಾವಿಗೆ ಕೂತ ಕೋಳಿಯಂತೆ ಕಂಡಿತು. ಅತ್ತೆ ಮಾತ್ರ ಕಟ್ಟೆಯ ಮೇಲೆ ಕೂತಷ್ಟು ಸಲೀಸಾಗಿ ಒಳಗೆ ಕೂತು, "ನನ್ನ ಮಗ ಬಂಗಾರ" ಎಂದರು. ಸಲಹೆ ಯಾರದೆಂದು ಯಾರೂ ಕೇಳಲಿಲ್ಲ.

ಸೋಮವಾರ ಹೊರಟೆವು. ಹರಕೆ ಅವರದು, ಹಸಿವು ನನ್ನದು; ಹಾಗಾಗಿ ನಾನು ಎರಡು ರೊಟ್ಟಿ ತಿಂದೇ ಹತ್ತಿದೆ. ಕಾಯಿಯ ಬುಟ್ಟಿ ನನ್ನ ತೊಡೆಯ ಮೇಲೆ. ಕುರುಗೋಡು ಇನ್ನೊಂದು ಮೈಲಿ ಇರುವಾಗ ಬಂಡಿಜಾಡು ಬಂತು. ಬಂಡಿಗಳು ಓಡಾಡಿ ಎರಡೂ ಕಡೆ ಮೊಣಕಾಲುದ್ದ ತಗ್ಗು, ನಡುವೆ ದಿನ್ನೆ. ಗಾಲಿ ತಗ್ಗಿಗೆ ಇಳಿದವು, ಹೊಟ್ಟೆ ದಿನ್ನೆಯ ಮೇಲೆ ಕೂತಿತು. ಹಿಂದಿಲ್ಲ, ಮುಂದಿಲ್ಲ. ಬಿಸಿಲು ಏರುತ್ತಿತ್ತು, ಅತ್ತೆಯ ತುಟಿ ಒಣಗಿತ್ತು.

ಪಕ್ಕದ ಹೊಲದಿಂದ ಒಬ್ಬ ರೈತ ಬಂದ. ನಮ್ಮವರು, "ತಮ್ಮಾ, ಒಂದು ಜೋಡಿ ಎತ್ತು ಹೂಡಿ ಎಳಸ್ತೀಯೇನು?" ಎಂದರು.

"ಎತ್ತು ಅದಾವ್ರಿ, ನೊಗಾನೂ ಐತಿ. ಆದ್ರ ಇವತ್ತು ಸೋಮವಾರ, ಅದ್ರಾಗ ಶ್ರಾವಣ. ಹೆಗಲಿಗೆ ನೊಗ ಹೆಂಗ ಇಡ್ಲಿ?"

ಒಳಗಿನಿಂದ ಅತ್ತೆ, "ಬ್ಯಾಡಪ್ಪಾ ಬ್ಯಾಡ! ಬಸವಣ್ಣನ ಕಡಿಂದ ಎಳಿಸ್ಕೊಂಡು ಬಸವಣ್ಣನ್ನ ನೋಡಾಕ ಹೋಗ್ಲೇನು?" ಎಂದು ಗದರಿದರು. ಗದರುವ ಶಕ್ತಿ ಇನ್ನೂ ಇತ್ತಲ್ಲ, ಅದೊಂದು ಪುಣ್ಯ.

ಭಾರ ಇಳಿಸೋಣವೆಂದು ನಮ್ಮವರು ಮೊದಲು ಅತ್ತೆಯನ್ನು ಇಳಿಸಿದರು. ಅತ್ತೆ ಅಂದರೆ ಒಣಗಿದ ತೊಗರಿಕಟ್ಟಿಗೆ. ಕಾರಿಗೆ ಅವರು ಇಳಿದದ್ದೇ ತಿಳಿಯಲಿಲ್ಲ. ಅವರು ಮತ್ತೆ ಹತ್ತಿ ಕೂತರು. ರೈತ ಕಾರಿನ ಹೊಟ್ಟೆ ಬಗ್ಗಿ ನೋಡಿದ, ನನ್ನನ್ನು ನೋಡಿದ, ನೆಲ ನೋಡಿದ. "ಯವ್ವಾ, ತಪ್ಪು ತಿಳ್ಕಾಬ್ಯಾಡ್ರಿ. ನೀವೊಂದೀಟು ಇಳದು ನೋಡ್ರಿ."

ನಾನು ಬುಟ್ಟಿ ಸಮೇತ ಇಳಿದೆ. ಕಾರು ಉಸ್ಸೆಂದು ನಾಲ್ಕು ಬೆರಳು ಮೇಲೆದ್ದಿತು. ಸುಳ್ಳು ಹೇಳಿದರೆ ಶಿವ ಮೆಚ್ಚುವುದಿಲ್ಲ. ನಾಲ್ಕಲ್ಲ, ಐದು ಬೆರಳು. ನಿಲ್ಲಿಸಿದರೆ ಮತ್ತೆ ಕೂತೀತೆಂದು ನಮ್ಮವರು ತಿರುಗಿಯೂ ನೋಡದೆ ಹೊಡೆದರು. ಧೂಳು ಇಳಿದ ಮೇಲೆ ನೋಡುತ್ತೇನೆ: ಅತ್ತೆ ಹೋದರು, ಅವರ ಕಾಯಿ ನನ್ನ ಕೈಯಲ್ಲಿದೆ!

ಮದುವೆಯಾದ ಮೇಲೆ ನಾನು ಓಡಿದ್ದು ಅದೇ ಮೊದಲು. ಬೇಲಿ ಹಾರಿದ ಎಮ್ಮೆಯಂತೆ ಸೆರಗು ಹಾರಿಸುತ್ತ ಗುಡಿ ಮುಟ್ಟಿದಾಗ ಅತ್ತೆ ಬಸವಣ್ಣನ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. "ಬಂದೇನವ್ವಾ? ಬಸವಣ್ಣನೂ ಕಾಯಾಕಹತ್ಯಾನ, ನಾನೂ ಕಾಯಾಕಹತ್ತೀನಿ" ಎಂದರು. ಕಾಯಿ ಒಡೆಯಿತು, ಒಳಗೆ ಬೆಳ್ಳಗಿತ್ತು. ತೀರ್ಥ ಅವರ ಗಂಟಲಿಗಿಳಿದಾಗ ನನ್ನ ಕಣ್ಣಲ್ಲೂ ನೀರು ಬಂತು. ಭಕ್ತಿಯೋ ಏದುಸಿರೋ, ಬಸವಣ್ಣನೇ ಬಲ್ಲ.

ಸಂಜೆ ಮನೆಗೆ ಬಂದ ಮೇಲೆ ನಮ್ಮವರು, "ಅವ್ವಾ, ಆ ಪಟ್ಟಿ ತಿರುಗಿ ಹಾಕಿಸ್ಲೇನು?" ಎಂದರು.

"ಯಾಕೋ? ಕಾರು ಬರೋಬ್ಬರಿ ಐತಿ. ಮುಂದಿನ ಸೋಮವಾರ ಬಂಡಿಜಾಡು ಬಂದ ಕೂಡ್ಲೇ ಇಕಿನ್ನ ಇಳಿಸಿಬಿಡು, ಬುಟ್ಟಿ ಮಾತ್ರ ನನ್ನ ಕೈಯಾಗ ಕೊಡಲಿ."

ನಾನು ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದೆ. ಕೆನೆ ರೊಟ್ಟಿಯಷ್ಟು ದಪ್ಪಗೆ ಕಟ್ಟಿತ್ತು. ಇನ್ನು ಮೇಲೆ ಬಾಯಿ ಕಟ್ಟಬೇಕೆಂದು ಶಿವನ ಹೆಸರಿನಲ್ಲಿ ನಿಶ್ಚಯ ಮಾಡಿ, ಬೆರಳಿನಿಂದ ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಹೆಪ್ಪು ಹಾಕಿದೆ. ಮುಂದಿನ ಸೋಮವಾರಕ್ಕೆ ಇನ್ನೂ ಏಳು ದಿನ ಇತ್ತಲ್ಲ.