ಫ್ರೆಂಚ್ ಹಬ್ಬದ ಗಂಜಿ

ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ. ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ನನಗೆ ಫ್ರೆಂಚ್ ಬರುವುದಿಲ್ಲ. ಅದಕ್ಕೇಕೆ ಇಷ್ಟು ಪೀಠಿಕೆ ಎಂದು ನೀವು ಕೇಳಬಹುದು. ಹೊನ್ನೂರಿನ ಗದ್ದೆ ಬಯಲಲ್ಲಿ ಹುಟ್ಟಿ ಯಳಂದೂರಿನಲ್ಲಿ ಅಕ್ಷರ ಕಲಿತವನಿಗೆ ಫ್ರೆಂಚ್ ಬಂದಿದ್ದರೆ ಅದು ಸೋಜಿಗ, ಬಾರದಿದ್ದರೆ ಅದೇನು ಸುದ್ದಿ? ಸುದ್ದಿ ಏನೆಂದರೆ, ಹನೂರಿನ ಹತ್ತಿರದ ಒಂದು ಮಿಷನ್ ಹೈಸ್ಕೂಲಿನಲ್ಲಿ ನಾನು ಆರು ವರ್ಷ ಫ್ರೆಂಚ್ ಮೇಷ್ಟ್ರಾಗಿದ್ದೆ. ಸಂಬಳದ ದಿನ ಸಹಿ ಹಾಕುವಾಗ ಒಂದು ಕ್ಷಣ ಕೈ ತಡೆಯುತ್ತಿತ್ತು ಎನ್ನುವುದು ಬಿಟ್ಟರೆ ಬೇರೇನೂ ತೊಂದರೆಯಿರಲಿಲ್ಲ.

ನಾನು ಅಲ್ಲಿ ಸೇರಿದ್ದು ಚರಿತ್ರೆ ಮೇಷ್ಟ್ರಾಗಿ. ಕೊಳ್ಳೇಗಾಲ ಸೀಮೆ ಮದರಾಸಿನಿಂದ ಮೈಸೂರಿಗೆ ಬಂದು ನಾಲ್ಕೈದು ವರ್ಷವಾಗಿತ್ತು. ಜನ ಕೂತಲ್ಲೇ ಕೂತಿದ್ದರು, ರಾಜ್ಯ ಮಾತ್ರ ಕಾಲ ಕೆಳಗೆ ಬದಲಾಗಿತ್ತು. ಯಳಂದೂರಿನವರಾದ ನಾವು ಮೊದಲಿನಿಂದ ಮೈಸೂರಿನವರಲ್ಲವೇ, ಹಾಗಾಗಿ ಇವರನ್ನು ಕಂಡರೆ 'ಪಾಪ, ಈಗ ಬಂದವರು' ಎಂದು ಕೊಂಚ ದೊಡ್ಡಸ್ತಿಕೆ ತೋರಿಸುತ್ತಿದ್ದೆವು. ಎರಡನೆಯ ಭಾಷೆ ತಮಿಳೋ ಹಿಂದಿಯೋ ಎಂದು ದೊಡ್ಡವರು ಜಗಳವಾಡುತ್ತಿದ್ದಾಗ, ನಮ್ಮ ಶಾಲೆ ಕಟ್ಟಿದ ಮುದಿ ಪಾದ್ರಿಗಳು, "ಬೇಕಾದೋರ್ಗೆ ಫ್ರೆಂಚೂ ಇರ್ಲಿ ಬುಡಿ" ಅಂದುಬಿಟ್ಟರು. ಅವರು ಫ್ರಾನ್ಸಿನಲ್ಲಿ ಹುಟ್ಟಿದವರು. ನಲವತ್ತು ವರ್ಷದಿಂದ ಇಲ್ಲೇ ಇದ್ದು, ಮಾತೆಲ್ಲ ಅಪ್ಪಟ ಹನೂರು ಕನ್ನಡ. ಊರವರಿಗೆ ಅವರು ಗಡ್ಡದ ಸ್ವಾಮಿ. ದಾರಿಯಲ್ಲಿ ಹುಡುಗರು ಸಿಕ್ಕರೆ, "ಏನ್ಲಾ, ಉಂಡ್ಯಾ? ನಿಮ್ಮಪ್ಪ ಉಳಕ್ಕೋದ್ನಾ?" ಎಂದೇ ಅವರ ಆಶೀರ್ವಾದ.

ಫ್ರೆಂಚ್ ತೆಗೆದುಕೊಂಡವರು ಒಂಬತ್ತು ಮಕ್ಕಳು. ಭಾಷಾಭಿಮಾನವೆಂದು ತಿಳಿಯಬೇಡಿ. ಹಿಂದಿ ಪಂಡಿತರ ಬೆತ್ತ ಬಹಳ ಉದ್ದವಿತ್ತು. ಜೊತೆಗೆ ಸ್ವಾಮಿಗಳು ಶುಕ್ರವಾರ ಶುಕ್ರವಾರ ಮಣ್ಣಿನ ಗೂಡಿನಲ್ಲಿ ತಾವೇ ಸುಟ್ಟ ಬ್ರೆಡ್ಡನ್ನು ಫ್ರೆಂಚ್ ಮಕ್ಕಳಿಗೆ ಹಂಚುತ್ತಿದ್ದರು. ಅವರ ಪಾಠದ ಕ್ರಮ ಸರಳ. ಸ್ವಾಮಿ ಬಾಯಿಂದ ಏನು ಬಂದರೂ ಮಕ್ಕಳು ಅದನ್ನು ಕೇಳಿಸಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬೇಕು, ಪಕ್ಕದಲ್ಲಿ ಅರ್ಥ ಬರೆಯಬೇಕು. ಕೆಮ್ಮಿದರೂ ಬರೆಯುತ್ತಿದ್ದವು, ಪಾಪ. ಅವರ ಕಣ್ಣಿಗೆ ಪೊರೆ ಬಂದಾಗ ಬೋರ್ಡಿನ ಮೇಲೆ ಬರೆಯಲು ಒಬ್ಬರು ಬೇಕಾದರು. ನನ್ನ ಅಕ್ಷರ ದುಂಡಗಿತ್ತು. ಅಷ್ಟೇ ನನ್ನ ಯೋಗ್ಯತೆ. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಒಂದೊಂದೇ ಅಕ್ಷರ ಹೇಳುವರು, ನಾನು ಬರೆಯುವೆ. ಬರೆದದ್ದು ಕೈ, ತಲೆಯಲ್ಲ. ತಲೆ ಹೊನ್ನೂರಿನಲ್ಲಿ ನಾಟಿ ಮುಗಿಯಿತೋ ಇಲ್ಲವೋ ಎಂದು ಯೋಚಿಸುತ್ತಿತ್ತು. "ಮೇಷ್ಟ್ರೇ, ನೀವು ಕಲಿಯಾದು ಯಾವಾಗ?" ಎಂದು ಅವರು ವರ್ಷಕ್ಕೊಮ್ಮೆ ಕೇಳುವರು. "ಬರೋ ವರ್ಷ ಸ್ವಾಮಿ" ಎಂದು ನಾನು ವರ್ಷಕ್ಕೊಮ್ಮೆ ಹೇಳುವೆ. ಹೀಗೆ ಆರು ವರ್ಷ ಕಳೆಯಿತು. ಅಷ್ಟರಲ್ಲಿ ಹೆಡ್‌ಮಾಸ್ಟರು ಮೊದಲುಗೊಂಡು ಬಸ್ ಕಂಡಕ್ಟರನವರೆಗೆ ಎಲ್ಲರೂ ನನ್ನನ್ನು ಫ್ರೆಂಚ್ ಮೇಷ್ಟ್ರೆಂದೇ ಕರೆಯುತ್ತಿದ್ದರು. ನಾನೂ ತಿರುಗಿ ನೋಡುತ್ತಿದ್ದೆ.

ವರ್ಷಕ್ಕೊಮ್ಮೆ ದಸರಾ ರಜೆಗೆ ಮುಂಚೆ ಶಾಲೆಯಲ್ಲಿ ಫ್ರೆಂಚ್ ಹಬ್ಬ ನಡೆಯುತ್ತಿತ್ತು. ಮಕ್ಕಳು ಫ್ರೆಂಚಿನಲ್ಲಿ ಎರಡು ಹಾಡು ಹೇಳುವರು. ಫ್ರಾನ್ಸಿನ ರಾಜನ ತಲೆ ಕಡಿಯುವ ಒಂದು ಆಟ ಆಡುವರು. ತಲೆಯ ಬದಲಿಗೆ ಬೂದುಗುಂಬಳಕಾಯಿ, ರಕ್ತಕ್ಕೆ ಕುಂಕುಮ. ಆಯುಧಪೂಜೆ ಹತ್ತಿರವೇ ಇರುತ್ತಿದ್ದುದರಿಂದ ತಾಯಂದಿರು ಅದನ್ನು ದೃಷ್ಟಿ ತೆಗೆಯುವ ಶಾಸ್ತ್ರವೆಂದು ತಿಳಿದು ಕೈ ಮುಗಿಯುತ್ತಿದ್ದರು. ಇನ್ನೊಂದು ಪಕ್ಕದಲ್ಲಿ ಉದ್ದನೆಯ ಮೇಜಿನ ಮೇಲೆ ಫ್ರಾನ್ಸಿನ ತಿಂಡಿಗಳು. ಬ್ರೆಡ್ಡು, ದ್ರಾಕ್ಷಿ ರಸ, ಆಡಿನ ಹಾಲು ಒಡೆಸಿ ಬಟ್ಟೆಯಲ್ಲಿ ಕಟ್ಟಿ ಹದಿನೈದು ದಿನ ಇಟ್ಟ ಒಂದು ಗಟ್ಟಿ ಪದಾರ್ಥ. ಅದನ್ನು ಸ್ವಾಮಿಗಳು ಚಪ್ಪರಿಸಿಕೊಂಡು ತಿನ್ನುತ್ತಿದ್ದರೆ ಉಳಿದವರು ಗಾಳಿ ಬರುವ ಕಡೆ ಸರಿದು ನಿಲ್ಲುತ್ತಿದ್ದರು.

ಊಟದ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಎಲೆ ಮುಂದೆ ಕೂತವನು 'ಸಾಕು' ಅಂದರೆ ಯಾರೂ ನಂಬುವುದಿಲ್ಲ. ಮೊದಲನೆಯ ಸಾಕು ಸಂಕೋಚಕ್ಕೆ, ಎರಡನೆಯದು ಮರ್ಯಾದೆಗೆ. ಮೂರನೆಯದು ನಿಜವಿರಬಹುದು, ಅಷ್ಟರಲ್ಲಿ ಇನ್ನೊಂದು ಮುದ್ದೆ ಬಿದ್ದಿರುತ್ತದೆ. ನಿಜಕ್ಕೂ ಸಾಕಾದವನು ಬಾಯಿಂದ ಹೇಳುವುದಿಲ್ಲ, ಎರಡು ಕೈಯನ್ನೂ ಎಲೆಗೆ ಅಡ್ಡ ಹಿಡಿಯುತ್ತಾನೆ. ಸ್ವಾಮಿಗಳು ಬಂದ ಹೊಸದರಲ್ಲಿ ಇದು ತಿಳಿಯದೆ ಸಾಕು ಸಾಕು ಎಂದು ಬಾಯಲ್ಲಿ ಹೇಳಿ ಮೂರು ಸಲ ಹೊಟ್ಟೆ ಕೆಡಿಸಿಕೊಂಡಿದ್ದರಂತೆ. ಆಮೇಲೆ ಅಡ್ಡ ಕೈ ಹಿಡಿಯುವುದನ್ನು ಕಲಿತರಂತೆ. "ಈ ಊರ್ನಲ್ಲಿ ಬಾಯಿಗಿಂತ ಕೈ ದೊಡ್ಡದು ಮೇಷ್ಟ್ರೇ" ಎಂದು ನಗುತ್ತಿದ್ದರು.

ಆ ವರ್ಷ ಶ್ರಾವಣದಲ್ಲಿ ಅವರಿಗೆ ಲಕ್ವ ಹೊಡೆಯಿತು. ಎರಡು ಕೈಯೂ ಬಿದ್ದುಹೋದವು. ಅದಕ್ಕಿಂತ ವಿಚಿತ್ರವೆಂದರೆ ಕನ್ನಡ ಹೊರಟುಹೋಯಿತು. ನಲವತ್ತು ವರ್ಷ ಆಡಿದ ಮಾತು ಒಂದು ಬೆಳಿಗ್ಗೆ ಖಾಲಿ. ಬಾಯಲ್ಲಿ ಉಳಿದದ್ದು ಹುಟ್ಟಿದೂರಿನ ಫ್ರೆಂಚ್ ಒಂದೇ. ಅವರಿಗೆ ಅಡಿಗೆ ಮಾಡಿ ಹಾಕುತ್ತಿದ್ದ ಅಂತೋಣಿ ತರಗತಿಗೆ ಓಡಿ ಬಂದ. "ಮೇಷ್ಟ್ರೇ, ಬಿರ್ನೆ ಬನ್ನಿ ಸಾ. ಸಾಮಿ ಏನೋ ಯೋಳ್ತಾವ್ರೆ, ನಮ್ಗೊಂದೂ ತಿಳೀತಿಲ್ಲ. ನಿಮ್ಗಾದ್ರೆ ಅವರ ಮಾತು ಬತ್ತದೆ."

ನನಗೆ ಬರುವುದಿಲ್ಲ ಎಂದು ಹೇಳಲು ಅದು ಸರಿಯಾದ ಸಮಯವಾಗಿತ್ತು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಸ್ವಾಮಿಗಳ ಕೋಣೆಯಲ್ಲಿ ಮಂಚದ ಸುತ್ತ ನಿಂತಿದ್ದ ಜನ ದಾರಿ ಬಿಟ್ಟರು. ನಾನು ಹೋಗಿ ದಿಂಬಿನ ಹತ್ತಿರ ಕೂತೆ, ಡಾಕ್ಟರ ಹಾಗೆ. ಸ್ವಾಮಿಗಳು ನನ್ನ ಮುಖ ನೋಡಿ ಏನೇನೋ ಹೇಳಿದರು. ನಾನು ತಲೆಯಾಡಿಸಿದೆ. ಅಂತೋಣಿ ಗಂಜಿ ತಂದು ಬಾಯಿಗೆ ನಾಲ್ಕು ಚಮಚ ಹಾಕಿದಾಗ ಅವರು "ಅಸ್ಸೇ" ಅಂದರು. ಇನ್ನೊಂದು ಚಮಚ ತೋರಿಸಿದರೆ ಮತ್ತೆ "ಅಸ್ಸೇ, ಅಸ್ಸೇ". ಗಂಜಿಯ ಲೋಟ ಕಂಡಾಗಲೆಲ್ಲ ಅದೇ ಮಾತು, ಲೋಟ ಆಚೆ ಹೋದರೆ ಸುಮ್ಮನೆ. ಚರಿತ್ರೆ ಓದಿದವನಲ್ಲವೇ ನಾನು, ಕಾರ್ಯಕಾರಣ ಕೂಡಿಸಿ ತೀರ್ಮಾನಕ್ಕೆ ಬಂದೆ. "ಗಂಜಿ ಕೇಳುತ್ತಿದ್ದಾರೆ" ಅಂದೆ. ಅಂತೋಣಿಯ ಕಣ್ಣಲ್ಲಿ ನೀರು ಬಂತು. "ನೀವಿಲ್ದಿದ್ರೆ ಸಾಮಿ ಅಸ್ಕಂಡೇ ಇರ್ತಿದ್ರಲ್ಲಾ ಸಾ" ಎಂದು ಇನ್ನೊಂದು ಲೋಟ ಹಾಕಿದ.

ನಾಲ್ಕು ದಿನ ಹೀಗೆ ನಡೆಯಿತು. ಒಂಬತ್ತನೆಯ ತರಗತಿಯ ಪುಟ್ಟತಾಯಿ ದಿನಾ ಬೆಳಿಗ್ಗೆ ತನ್ನ ಮನೆಯಿಂದ ಹಾಲು ತರುತ್ತಿದ್ದಳು. ಆ ವರ್ಷದ ಫ್ರೆಂಚ್ ಮಕ್ಕಳಲ್ಲಿ ಬ್ರೆಡ್ಡಿಗಲ್ಲದೆ ಪಾಠಕ್ಕೆ ಬರುತ್ತಿದ್ದವಳು ಅವಳೊಬ್ಬಳೇ. ಬಂದವಳು ಅಭ್ಯಾಸಬಲದಿಂದ ಗೋಡೆಗೊರಗಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಎರಡನೆಯ ದಿನ, "ಸಾ, ಅದು..." ಎಂದು ಬಾಯಿ ತೆಗೆದಳು. "ಸುಮ್ಮನಿರಮ್ಮ, ದೊಡ್ಡವರು ಮಾತಾಡುತ್ತಿದ್ದಾರೆ" ಅಂದೆ. ದೊಡ್ಡವರಲ್ಲಿ ಒಬ್ಬರಿಗೆ ಕನ್ನಡ ಬರುತ್ತಿರಲಿಲ್ಲ, ಇನ್ನೊಬ್ಬರಿಗೆ ಫ್ರೆಂಚ್ ಬರುತ್ತಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಸ್ವಾಮಿಗಳು ಗಂಜಿ ಬಾಯಲ್ಲಿರುವಾಗಲೇ ಕೆಮ್ಮಿ, ಉಸಿರು ಹತ್ತದೆ ಹೋಗಿಬಿಟ್ಟರು. ಕೊಳ್ಳೇಗಾಲದಿಂದ ಬಂದ ಡಾಕ್ಟರು ವಯಸ್ಸಾಗಿತ್ತು ಅಂದರು. ಅವರ ಮಾತನ್ನು ನಾನು ಇವತ್ತಿಗೂ ಬಿಗಿಯಾಗಿ ಹಿಡಿದುಕೊಂಡಿದ್ದೇನೆ.

ತಿಂಗಳು ಕಳೆಯುವುದರೊಳಗೆ ಮೈಸೂರಿನ ಮಿಷನ್ನಿನವರಿಂದ ಕಾಗದ ಬಂತು. ಫ್ರೆಂಚ್ ಹಬ್ಬದ ದಿನ ಒಬ್ಬ ಪಾದ್ರಿ ಬರುತ್ತಾರೆ, ಪಾಂಡಿಚೇರಿಯಲ್ಲಿ ಫ್ರೆಂಚ್ ಓದಿದವರು, ಮಕ್ಕಳನ್ನೂ ಮೇಷ್ಟ್ರನ್ನೂ ನೋಡಿ ಫ್ರೆಂಚ್ ಇಡಬೇಕೋ ತೆಗೆಯಬೇಕೋ ಹೇಳುತ್ತಾರೆ. ಫ್ರೆಂಚ್ ಹೋದರೆ ನನ್ನ ಕೆಲಸ ಹೋಗುತ್ತಿತ್ತು. ಚರಿತ್ರೆಗೆ ಆಗಲೇ ಇನ್ನೊಬ್ಬರು ಬಂದಿದ್ದರು. ಫ್ರೆಂಚ್ ಉಳಿಯಬೇಕಾದರೆ ನಾನು ಅವರೊಡನೆ ಫ್ರೆಂಚ್ ಮಾತಾಡಬೇಕಾಗಿತ್ತು. ಊಟ ಸೇರಲಿಲ್ಲ. ಹೆಂಡತಿ ಬೆಟ್ಟದ ರಂಗನಾಥನಿಗೆ ಹರಕೆ ಹೊತ್ತಳು. ಬಿಳಿಗಿರಿರಂಗನಿಗೆ ಎಲ್ಲ ಭಾಷೆಯೂ ಬರುತ್ತದೆಂದು ಅವಳ ನಂಬಿಕೆ.

ಆ ಸಲ ಹಬ್ಬ ಬಿದ್ದದ್ದು ಪಿತೃಪಕ್ಷದಲ್ಲಿ. ಮಹಾಲಯ ಅಮಾವಾಸ್ಯೆಗೆ ಎರಡೇ ದಿನ. ಮೇಜಿನ ಹಿಂದೆ ಸ್ವಾಮಿಗಳ ಫೋಟೊ ಇಟ್ಟು ಹಾರ ಹಾಕಿದ್ದೆವು. ಮುಂದೆ ಅಂತೋಣಿ ಸುಟ್ಟ ಬ್ರೆಡ್ಡು, ದ್ರಾಕ್ಷಿ ರಸ, ಆ ವಾಸನೆಯ ಗಟ್ಟಿ. ಪುಟ್ಟತಾಯಿಯ ತಾಯಿ ಬಂದವಳು ನೋಡಿ, "ಫೋಟೊ ಮುಂದೆ ತಿನ್ನಾ ಪದಾರ್ಥ ಇಟ್ಮೇಲೆ ಅದು ಎಡೆ ಅಲ್ವಾ? ಧೂಪ ಆಕ್ದೆ ಬುಡಕ್ಕಾಯ್ತದಾ? ಪಕ್ಸ ಬೇರೆ" ಅಂದಳು. ಧೂಪ ಬಂತು. ಬಾಳೆಲೆ ಬಂತು. ಸತ್ತವರು ಕೊನೆಗೆ ಏನು ಕೇಳಿದ್ದರೋ ಅದನ್ನು ಎಡೆಯಲ್ಲಿ ಇಡದಿದ್ದರೆ ಅವರಿಗೆ ತೃಪ್ತಿಯಿಲ್ಲವೆಂಬುದು ನಮ್ಮ ಕಡೆಯ ನಂಬಿಕೆ. ಅಂತೋಣಿ ದೊಡ್ಡ ಪಾತ್ರೆಯ ತುಂಬ ಗಂಜಿ ಕಾಯಿಸಿ ತಂದು ಮೇಜಿನ ನಡುವೆ ಇಟ್ಟ. "ಎಲ್ಲಾರೂ ಈಚ್ಗೆ ಬನ್ನಿ, ಬಾಗ್ಲು ಆಕಿ. ಸಾಮಿ ಬಂದು ಉಣ್ಲಿ" ಅಂದಳು ಆಕೆ. ಅರವತ್ತು ಜನ, ಕುಂಬಳಕಾಯಿ ಹಿಡಿದ ರಾಜನೂ ಸೇರಿ, ಮುಚ್ಚಿದ ಬಾಗಿಲ ಮುಂದೆ ಉಸಿರು ಬಿಡದೆ ನಿಂತೆವು. ಸರಿಯಾಗಿ ಆಗಲೇ ಮೈಸೂರಿನ ಪಾದ್ರಿಗಳ ಜೀಪು ಬಂತು.

ಅವರಿನ್ನೂ ಚಿಕ್ಕ ವಯಸ್ಸಿನವರು. "ಒಳಗೆ ಯಾರಿದ್ದಾರೆ?" ಎಂದು ಪಿಸುಮಾತಿನಲ್ಲಿ ಕೇಳಿದರು. ಹೆಡ್‌ಮಾಸ್ಟರು ಬೆವರಿದರು. ಅಂತೋಣಿ, "ಸಾಮಿ ಉಣ್ತಾವ್ರೆ" ಅಂದ. ಪಾದ್ರಿಗಳು ಟೋಪಿ ತೆಗೆದು ನಮ್ಮ ಜೊತೆ ನಿಂತರು. ಒಳ್ಳೆಯ ಮನುಷ್ಯರು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಬಾಗಿಲು ತೆಗೆದು ಒಳಗೆ ಹೋದಾಗ ಅವರು ಗಂಜಿಯ ಪಾತ್ರೆ ಕಂಡು ಇದೇಕೆ ಎಂದು ಕೇಳಿದರು. "ಸಾಮಿ ಕೊನೇಗೆ ಇದ್ನೇ ಕೇಳಿ ಕೇಳಿ ಕುಡುದ್ರು. ನಮ್ಗೇನ್ ಗೊತ್ತಾಯ್ತಿತ್ತು? ನಮ್ ಮೇಷ್ಟ್ರು ಬುಡ್ಸಿ ಯೋಳಿದ್ರು" ಎಂದು ಅಂತೋಣಿ ಹೆಮ್ಮೆಯಿಂದ ನನ್ನನ್ನು ತೋರಿಸಿ, ಪಾತ್ರೆ ಎತ್ತಿಕೊಂಡು ಹೊರಗಿನ ಮಕ್ಕಳಿಗೆ ಪ್ರಸಾದ ಹಂಚಲು ಹೋದ. ಪಾದ್ರಿಗಳು ನನ್ನ ಕಡೆ ತಿರುಗಿ ಸಂತೋಷದಿಂದ ಫ್ರೆಂಚಿನಲ್ಲಿ ಏನೋ ಕೇಳಿದರು. ನಾನು ಕೈ ಮುಗಿದೆ. ಮತ್ತೆ ಕೇಳಿದರು. ಮತ್ತೆ ಮುಗಿದೆ. ಹೆಡ್‌ಮಾಸ್ಟರು ನನ್ನನ್ನು ಉಳಿಸಲು ಹೋಗಿ, "ಸ್ವಾಮಿಗಳ ಕೊನೆಯ ಮಾತುಗಳನ್ನು ನಮ್ಮ ಹುಡುಗಿ ಬರೆದಿಟ್ಟುಕೊಂಡಿದ್ದಾಳೆ" ಎಂದು ಪುಟ್ಟತಾಯಿಯನ್ನು ಮುಂದೆ ತಳ್ಳಿದರು.

ಪಾದ್ರಿಗಳು ಕನ್ನಡ ಅಕ್ಷರದ ಫ್ರೆಂಚನ್ನು ತುಟಿಯಲ್ಲೇ ಓದಿಕೊಂಡರು. ಒಂದು ಪುಟದ ತುಂಬ ಅಸ್ಸೇ, ಅಸ್ಸೇ, ಅಸ್ಸೇ. ಅವರ ಮುಖದ ನಗು ನಿಧಾನವಾಗಿ ಇಳಿಯಿತು. ಹಿಂದಿನ ಹಾಳೆ ತಿರುಗಿಸಿ, ಶಬ್ದಗಳ ಅರ್ಥ ಬರೆದಿದ್ದ ಕಡೆ ಬೆರಳಿಟ್ಟರು. ಅಲ್ಲಿ ಅಸ್ಸೇ ಎಂಬುದರ ಮುಂದೆ 'ಸಾಕು' ಎಂದು ಹಳೆಯ ಶಾಯಿಯಲ್ಲಿ ಬರೆದಿತ್ತು. ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಹೊಸದಾಗಿ 'ಗಂಜಿ' ಎಂದು ಬರೆದಿತ್ತು.

"ಇದನ್ನೇಕೆ ಹೊಡೆದು ಹಾಕಿದೆ ಮಗು?"

ಪುಟ್ಟತಾಯಿ ನನ್ನ ಕಡೆ ನೋಡಿದಳು. "ಸ್ವಾಮಿಯೋರು ಸಾಕು ಅಂತ್ಲೇ ಯೋಳ್ಕೊಟ್ಟಿದ್ರು ಸಾ. ಆದ್ರೆ ಮೇಷ್ಟ್ರು ಗಂಜಿ ಅಂದ್ರಲ್ಲಾ. ಮೇಷ್ಟ್ರಿಗಿಂತ ನಂಗ್ ಜಾಸ್ತಿ ಗೊತ್ತಾಯ್ತದಾ? ನಾನೇ ತೆಪ್ಪು ಬರ್ಕಂಡಿದ್ದೀನಿ ಅಂತ ತಿದ್ಕಂಡೆ."

ಹೆಡ್‌ಮಾಸ್ಟರು ಕಿಟಕಿಯಿಂದ ಹೊರಗೆ ನೋಡತೊಡಗಿದರು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಎಂದು ಜನ ಹೇಳುತ್ತಾರಲ್ಲ, ನಾನು ಕಾದೆ, ಬಿಡಲಿಲ್ಲ. ಪಾದ್ರಿಗಳು ನನ್ನನ್ನು ಬೈಯಲಿಲ್ಲ. ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, "ತಿದ್ದಿಕೊಡಿ ಮೇಷ್ಟ್ರೇ" ಎಂದರು. ಜೇಬಿನಲ್ಲಿ ಕೆಂಪು ಪೆನ್ಸಿಲ್ ಇತ್ತು. ಗಂಜಿಯನ್ನು ಹೊಡೆದು 'ಸಾಕು' ಎಂದು ಬರೆದೆ. ದುಂಡಗೆ ಬರಲಿಲ್ಲ. "ನೀನು ಮೊದಲು ಬರೆದದ್ದೇ ಸರಿ, ನಾನೇ ತಪ್ಪು" ಅಂದೆ. ಅವಳು ನಂಬಲಿಲ್ಲ. ಮೇಷ್ಟ್ರು ತಪ್ಪು ಎಂದು ಮೇಷ್ಟ್ರೇ ಹೇಳಿದರೆ ಯಾವುದನ್ನು ನಂಬಬೇಕು, ನೀವೇ ಹೇಳಿ. ಆರು ವರ್ಷದಲ್ಲಿ ನಾನು ಸ್ವಂತವಾಗಿ ಕಲಿಸಿದ ಫ್ರೆಂಚ್ ಅದೊಂದೇ ಶಬ್ದ, ಅದೂ ಎರಡನೆಯ ಪ್ರಯತ್ನದಲ್ಲಿ.

ಫ್ರೆಂಚ್ ನಿಂತಿತು. ಮಕ್ಕಳು ಹಿಂದಿ ಪಂಡಿತರ ಬೆತ್ತದ ಕೆಳಗೆ ಹೋದರು. ನನ್ನ ಕೆಲಸ ಹೋಗಲಿಲ್ಲ. ಪಾದ್ರಿಗಳು ಏನು ಬರೆದರೋ, ನನ್ನನ್ನು ಆಫೀಸಿನ ರಿಜಿಸ್ಟರು ಬರೆಯಲು ಹಾಕಿದರು, ಅಕ್ಷರ ದುಂಡಗಿದೆಯೆಂದು. ಕೆಲಸ ಹೋಗಿದ್ದರೇ ಚೆನ್ನಾಗಿತ್ತು ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಅಂತೋಣಿಗೆ ಮಾತ್ರ ನಾನು ಹೇಳಿಲ್ಲ. ಸ್ವಾಮಿಗಳ ಕೊನೆಯ ಆಸೆಯನ್ನು ತನ್ನ ಕೈಯಾರೆ ತೀರಿಸಿದೆನೆಂಬ ಸಮಾಧಾನದಲ್ಲಿ ಅವನು ಮುದುಕನಾಗುತ್ತಿದ್ದಾನೆ. ಪ್ರತಿ ವರ್ಷ ಪಕ್ಷದಲ್ಲಿ ಸ್ವಾಮಿಗಳಿಗೆ ಗಂಜಿಯ ಎಡೆ ಇಟ್ಟು, ಮೊದಲ ಲೋಟ ನನಗೇ ತರುತ್ತಾನೆ. ಕುಡಿದು ಮುಗಿಸುವ ಮೊದಲೇ ಪಾತ್ರೆ ಬಗ್ಗಿಸುತ್ತಾನೆ. "ಸಾಕು ಅಂತೋಣಿ" ಅನ್ನುತ್ತೇನೆ. "ಇನ್ನೊಸಿ ಕುಡೀರಿ ಸಾ, ಸಾಮಿ ಪರ್ಸಾದ" ಎಂದು ಹುಯ್ಯುತ್ತಾನೆ. "ಸಾಕಪ್ಪ, ಸಾಕು" ಅನ್ನುತ್ತೇನೆ. ಮತ್ತೆ ಹುಯ್ಯುತ್ತಾನೆ. ದೇವರ ದಯದಿಂದ ನನ್ನ ಎರಡು ಕೈಯೂ ಚೆನ್ನಾಗಿವೆ. ಆದರೂ ಲೋಟಕ್ಕೆ ಅಡ್ಡ ಹಿಡಿಯುವುದಿಲ್ಲ, ಕುಡಿಯುತ್ತೇನೆ.