ಒಂದು ಸುತ್ತಿನ ಆಸೆ, ಎರಡು ನಮೂನೆಯ ಬ್ರೇಕ್ ಪ್ಯಾಡು

ಹೈದರಾಬಾದಿನ ಹೊರಗಿನ ರೇಸ್ ಟ್ರ್ಯಾಕಿನಲ್ಲಿ, ಹೆಲ್ಮೆಟ್ ಬದಲು ತಲೆಗೆ ಟವೆಲ್ ಸುತ್ತಿಕೊಂಡು ಒಂದು ಪೂರ್ತಿ ಸುತ್ತು ಹೊಡೆದ ಗಂಡಸು ನಾನೊಬ್ಬನೇ. ಸುಳ್ಳು ಅನ್ನುವವರು ಈಗಲೇ ಅಂದುಬಿಡಿ, ಆಮೇಲೆ ಕೇಳುವುದಿಲ್ಲ. ಮಿಯಾಪುರದ ನಮ್ಮ ಗ್ಯಾರೇಜಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ, ಯಾಕೆಂದರೆ ಅಲ್ಲಿ ನಾನಿದ್ದೇನೆ. ಸೇಡಂ ಕಡೆಯ ಹಳ್ಳಿಯಿಂದ ಬಂದವನು ನಾನು. ಆಗ ಮಾದಾಪುರದಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಒಂದೊಂದು ಕಟ್ಟಡದಿಂದಲೂ ಹೊಸ ಕಾರು ಕೊಂಡ ಇಂಜಿನಿಯರುಗಳು ಹೊರಬೀಳುತ್ತಿದ್ದರು. ಹೊರಬಿದ್ದವರು ಸೀದಾ ನಮ್ಮಲ್ಲಿಗೆ ಬರುತ್ತಿದ್ದರು.

ಈಜುವ ಶೇರವಾನಿ

ಗ್ಯಾರೇಜಿನ ಮಾಲೀಕರನ್ನು ನಾವೆಲ್ಲ ಉಸ್ತಾದ್ ಅನ್ನುತ್ತೇವೆ. ಒಮ್ಮೆ ಒಬ್ಬ ಇಂಜಿನಿಯರ್ ಸಾಹೇಬರು ಕೆಂಪು ಕಾರು ತಂದು ನಿಲ್ಲಿಸಿದರು. ನಮ್ಮ ಕಲಬುರಗಿಯವರೇ. ವಾರವಿಡೀ ಆ ಕಾರಿನಲ್ಲೇ ಆಫೀಸು, ತಿಂಗಳಿಗೊಂದು ಭಾನುವಾರ ಅದನ್ನೇ ಟ್ರ್ಯಾಕಿಗೆ ಒಯ್ದು ಓಡಿಸುವ ಹುಚ್ಚು. ಎರಡಕ್ಕೂ ಆಗುವಂಥ ಒಂದೇ ಬ್ರೇಕ್ ಪ್ಯಾಡು ಅವರಿಗೆ ಬೇಕಿತ್ತು.

ಉಸ್ತಾದ್ ತಿಳಿಸಿ ಹೇಳಿದರು. ಟ್ರ್ಯಾಕಿನ ಪ್ಯಾಡು ಕಾದ ಮೇಲೆ ಮಾತ್ರ ಸರಿಯಾಗಿ ಹಿಡಿಯುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸಿಗ್ನಲ್ಲಿನಲ್ಲಿ ಒತ್ತಿದರೆ ಕಿರ್ರೆಂದು ಊರಿಗೆಲ್ಲ ಕೇಳಿಸುತ್ತದೆ, ಕಾರು ಮಾತ್ರ ಬೇಗ ನಿಲ್ಲುವುದಿಲ್ಲ. ರಸ್ತೆಯ ಪ್ಯಾಡು ತಣ್ಣಗಿದ್ದರೂ ಹಿಡಿಯುತ್ತದೆ. ಆದರೆ ಟ್ರ್ಯಾಕಿನಲ್ಲಿ ಮೇಲಿಂದ ಮೇಲೆ ಜೋರಾಗಿ ಒತ್ತಿದರೆ ಸುಟ್ಟ ವಾಸನೆ ಬಿಟ್ಟು ಕೈಕೊಡುತ್ತದೆ. ಸಾಹೇಬರು ಇದನ್ನೆಲ್ಲ ಇಂಟರ್ನೆಟ್ಟಿನಲ್ಲಿ ಓದಿಯೇ ಬಂದಿದ್ದರು. ಆದರೂ ನಡುವಿನದೊಂದು ಇರಲೇಬೇಕು ಅಂತ ಹಟ.

ಉಸ್ತಾದ್ ತಮ್ಮ ದಖನಿ ಉರ್ದುವಿನಲ್ಲಿ ಕೇಳಿದರು, ಶೇರವಾನಿ ತೊಟ್ಟುಕೊಂಡು ಯಾರಾದರೂ ಈಜಲು ಹೋಗುತ್ತಾರಾ ಸಾಬ್, ಅಂತ.

ಸಾಹೇಬರು ನನ್ನ ಕಡೆ ತಿರುಗಿದರು. “ಎರಡಕ್ಕೂ ನಡಿಯೋವಂಥ ಶೇರವಾನಿ ಯಾವ ಕಂಪನೀದು ಬರ್ತೈತಿ ತಮ್ಮಾ?”

ನನಗೆ ಡ್ರೈವಿಂಗ್ ಕಲಿಸಿದರು

ಕೊನೆಗೆ ಸಾಹೇಬರು ಎರಡೂ ನಮೂನೆಯ ಪ್ಯಾಡು ತರಿಸಿದರು. ಟ್ರ್ಯಾಕಿಗೆ ಹೋಗುವ ಮುಂಚೆ ಒಂದು, ಬಂದ ಮೇಲೆ ಇನ್ನೊಂದು. ಬದಲಿಸುವ ಕೆಲಸ ನನ್ನದು. ನನ್ನಷ್ಟು ಚುರುಕಾಗಿ ಪ್ಯಾಡು ಬದಲಿಸುವವನು ಮಿಯಾಪುರದಿಂದ ಪಟಾನ್‌ಚೆರುವರೆಗೆ ಇಲ್ಲ. ಇದ್ದರೆ ಕರಕೊಂಡು ಬನ್ನಿ. ನನ್ನ ಕೈಚಳಕ ನೋಡಿದ ಸಾಹೇಬರು ಖುಷಿಯಾಗಿ ಅಂದರು: “ನಿನಗೂ ಒಂದಿನ ಟ್ರ್ಯಾಕಿನಾಗ ಒಂದು ಸುತ್ತು ಕೊಡ್ತೀನಿ.” ಅಂದಿನಿಂದ ನನಗೆ ಊಟ ಸೇರಲಿಲ್ಲ. ಕಾರುಗಳನ್ನು ಗ್ಯಾರೇಜಿನಿಂದ ರಸ್ತೆಗೆ, ರಸ್ತೆಯಿಂದ ಗ್ಯಾರೇಜಿಗೆ ಓಡಿಸಿದವನಿಗೆ ಎದುರಿಗೆ ಲಾರಿಯಿಲ್ಲದ, ಎಮ್ಮೆಯಿಲ್ಲದ, ತಿರುವಿನ ಮೇಲೆ ತಿರುವು ಬರುವ ರಸ್ತೆ ಅಂದರೆ ಏನು ಅಂತ ನಿಮಗೆ ಹೇಗೆ ತಿಳಿದೀತು?

ಹೊಸ ಪ್ಯಾಡನ್ನು ಮೊದಲು ಪಳಗಿಸಬೇಕು. ಜೋರಾಗಿ ಓಡಿಸಿ ಬ್ರೇಕ್ ಒತ್ತಬೇಕು, ಪೂರ್ತಿ ನಿಲ್ಲಿಸದೆ ಮತ್ತೆ ಜೋರು ಮಾಡಬೇಕು, ಮತ್ತೆ ಒತ್ತಬೇಕು. ಆಮೇಲೆ ಆರಲಿ ಅಂತ ನಿಧಾನ ಓಡಿಸಬೇಕು. ರಜೆಯ ದಿನ ಪಟಾನ್‌ಚೆರುವಿನ ಫ್ಯಾಕ್ಟರಿಗಳ ಹಿಂದಿನ ಖಾಲಿ ರಸ್ತೆಯಲ್ಲಿ ಅದನ್ನೇ ಮಾಡುತ್ತಿದ್ದೆ. ಚಹಾದಂಗಡಿಯಲ್ಲಿ ಕುಳಿತ ಫ್ಯಾಕ್ಟರಿ ಬಸ್ಸಿನ ಡ್ರೈವರೊಬ್ಬರು ನನ್ನ ಎಗರಾಟ ನೋಡಿ ನೋಡಿ ಎದ್ದು ಬಂದರು. ಕೈ ಅಡ್ಡ ಹಿಡಿದರು, ಬಾಗಿಲು ತೆಗೆದರು, ಪಕ್ಕದಲ್ಲಿ ಕುಳಿತೇಬಿಟ್ಟರು. ಬೆದರಬೇಡ ತಮ್ಮುಡು, ನಮ್ಮ ಅಳಿಯನೂ ಮೊದಮೊದಲು ಹೀಗೇ ಜಿಗಿಸುತ್ತಿದ್ದ, ಕಾಲು ಹಗುರ ಇಡು ಅಂತ ತೆಲುಗಿನಲ್ಲಿ ಪಾಠ ಶುರುವಾಯಿತು.

ನನಗೆ ಕಲಿಸುವುದೇ! ಇಳಿಸಿಬಿಡೋಣ ಅಂದುಕೊಂಡೆ. ಆದರೆ ಪ್ಯಾಡು ಕಾದಿತ್ತು, ಆರಿಸಲು ಹೇಗೂ ನಿಧಾನ ಹೋಗಬೇಕಿತ್ತು. ಹೋದೆ. ಅವರು ಕಿಟಕಿಯಿಂದ ತಲೆ ಹೊರಹಾಕಿ ಚಹಾದಂಗಡಿಯವರಿಗೆಲ್ಲ ಕೂಗಿ ಹೇಳಿದರು, ನೋಡಿದಿರಾ, ಐದು ನಿಮಿಷದಲ್ಲಿ ಕಲಿಸಿದೆ. ಇಳಿಯುವಾಗ ನನ್ನ ತಲೆ ಮುಟ್ಟಿ ಲೈಸೆನ್ಸ್ ಖಂಡಿತ ಸಿಗುತ್ತದೆ ಅಂತ ಆಶೀರ್ವಾದ ಬೇರೆ.

ಶೇರ್ ಆಟೋದ ತಿರುವುಗಳು

ಟ್ರ್ಯಾಕಿಗೆ ನಾನೂ ಹೋಗುತ್ತಿದ್ದೆ, ಸ್ಪ್ಯಾನರ್ ಹಿಡಿದುಕೊಂಡು. ಟ್ರ್ಯಾಕಿನ ಅಂಚಿನ ಗೋಡೆಗೆ ಎದೆ ಒತ್ತಿ ನಿಂತು ನೋಡುತ್ತಿದ್ದೆ. ಸಾಹೇಬರು ಒಂದನೇ ತಿರುವಿನಲ್ಲಿ ಬೇಗ ಬ್ರೇಕ್ ಒತ್ತುತ್ತಿದ್ದರು, ಮೂರನೆಯದರಲ್ಲಿ ತಡವಾಗಿ. ಕಾರು ಮರೆಯಾದಾಗ ಕಣ್ಣು ಮುಚ್ಚಿ ಅದರ ಸದ್ದನ್ನೇ ಹಿಂಬಾಲಿಸುತ್ತಿದ್ದೆ. ಪ್ರತಿ ಸಲವೂ ಕೊನೆಗೆ ಅವರಿಗೆ ಒಂದೊಂದು ಕಾರಣ. ಇವತ್ತು ಟೈರ್ ಸವೆದಿದೆ, ಇವತ್ತು ಗೆಳೆಯರು ಬಂದಿದ್ದಾರೆ, ಇವತ್ತು ಹೊತ್ತಾಯಿತು. ನಾನು ಕೇಳುತ್ತಿರಲಿಲ್ಲ. ಕೇಳಿ ಪಡೆಯುವ ಜಾತಿಯವನಲ್ಲ ನಾನು. ಹೆಲ್ಮೆಟ್ ಮಾತ್ರ ಕಾಣುವ ಹಾಗೆ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದೆ, ಅಷ್ಟೆ.

ಮರಳಿ ಬರುವಾಗ ಶೇರ್ ಆಟೋದಲ್ಲಿ ಹಿಂದಿನ ಸೀಟು. ಕಣ್ಣು ಮುಚ್ಚಿ ಇಡೀ ಟ್ರ್ಯಾಕನ್ನು ನಾನೇ ಓಡಿಸುತ್ತಿದ್ದೆ. ಒಂದು ಸಂಜೆ ಮೂರನೇ ತಿರುವು ಬಂತು, ಜೋರಾಗಿ ಬ್ರೇಕ್ ಒತ್ತಿದೆ. ಪಕ್ಕದಲ್ಲಿದ್ದ ಕಟ್ಟಡ ಕೆಲಸದ ಯಾದಗಿರಿಯ ಅಕ್ಕ ನಿಧಾನಕ್ಕೆ ಅಂದಳು: “ಯಪ್ಪಾ, ನಿನ್ನ ಗಾಡಿ ನಿಂತಿದ್ರ ನನ್ನ ಕಾಲು ಬಿಡು.”

ಅವ್ವಾರ ಪೂಜೆ

ದಸರೆಗೆ ಮುಂಚೆ ಸಾಹೇಬರು ಪ್ಯಾಡು ಕಚ್ಚಿ ಹಿಡಿಯುವ ಬ್ರೇಕಿನ ಡಿಸ್ಕುಗಳನ್ನೂ ಹೊಸದು ಹಾಕಿಸಿದರು. ಈ ಭಾನುವಾರ ಮೊದಲು ತಾನು, ಆಮೇಲೆ ನೀನು ಅಂತ ಉಸ್ತಾದರ ಎದುರಿಗೇ ಮಾತು ಕೊಟ್ಟರು. ಶನಿವಾರ ಖಂಡೆ ಪೂಜೆ, ಅಂದರೆ ಹತ್ಯಾರಗಳಿಗೆಲ್ಲ ಪೂಜೆ ಮಾಡುವ ದಿನ. ಸಾಹೇಬರ ತಾಯಿ ಊರಿನಿಂದ ಬಂದವರು ಅರಿಶಿನ, ಕುಂಕುಮ, ದೀಪದ ಎಣ್ಣೆ ಹಿಡಿದು ಗ್ಯಾರೇಜಿಗೇ ಬಂದರು. ಕಾರು ಜಾಕಿನ ಮೇಲಿತ್ತು, ನಾಲ್ಕೂ ಚಕ್ರ ಬಿಚ್ಚಿದ್ದೆ, ಡಿಸ್ಕು ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ಇದೇನು ಅಂತ ಕೇಳಿದರು. ನಾನು ಎದೆಯುಬ್ಬಿಸಿ ಹೇಳಿದೆ: “ಕಾರಿನ ಜೀವ ಇದರಾಗ ಐತ್ರಿ ಅವ್ವಾರ. ಇದನ್ನ ನಾನs ಕೂಡಿಸೀನಿ. ಇದು ಹಿಡಿದ್ರ ನಿಮ್ಮ ಮಗ ಮನಿಗೆ ಬರ್ತಾನ.”

ನಾನು ತೆಂಗಿನಕಾಯಿ ತರಲು ಹೋಗಿ ಬರುವಷ್ಟರಲ್ಲಿ ಅವ್ವಾರು ನಾಲ್ಕೂ ಡಿಸ್ಕಿಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಬಳಿದು, ಕುಂಕುಮವಿಟ್ಟು, ಕೈಯಿಂದ ತಿರುಗಿಸಿ ತಿರುಗಿಸಿ ಒಳಗೂ ಮುಟ್ಟಿಸಿದ್ದರು. ಟ್ರ್ಯಾಕಿನ ಪ್ಯಾಡು ಎಣ್ಣೆ ಕುಡಿದು ಹಳದಿಯಾಗಿತ್ತು. ಎಣ್ಣೆ ಕುಡಿದ ಪ್ಯಾಡು ಕಸಕ್ಕೆ ಹೋಗಬೇಕು. ನನ್ನ ಮುಖ ನೋಡಿ ಅವ್ವಾರು ಸಮಾಧಾನ ಮಾಡಿದರು: “ನಿನಗೂ ಒಂದು ಬಟ್ಟು ಕುಂಕುಮ ಉಳಿಸೀನಿ ಬಾರಪಾ.”

ನನ್ನ ಸುತ್ತು

ಹಬ್ಬ, ಅಂಗಡಿ ಬಂದ್. ಡಿಸ್ಕು ತೊಳೆದು ರಸ್ತೆಯ ಪ್ಯಾಡನ್ನೇ ಹಾಕಿ ಭಾನುವಾರ ಉಸ್ತಾದರನ್ನೂ ಕರಕೊಂಡು ಟ್ರ್ಯಾಕಿಗೆ ಹೋದೆವು. ಎರಡು ಸುತ್ತು ಮಾತ್ರ ಹೊಡೆಯಿರಿ, ಪ್ಯಾಡು ಆರಲಿ, ಆಮೇಲೆ ನನ್ನದು ಅಂತ ಕೈಮುಗಿದು ಹೇಳಿದ್ದೆ. ಸಾಹೇಬರು ಹ್ಞೂಂ ಅಂದರು. ಮೂರನೇ ಸುತ್ತು ಹೋದರು. ನಾಲ್ಕನೆಯದೂ ಹೋದರು. ನಾನು ಹೆಲ್ಮೆಟ್ ಹಾಕಿಕೊಂಡೇ ಕಾಯುತ್ತಿದ್ದೆ. ಐದನೆಯದರ ಮೊದಲ ತಿರುವಿನಲ್ಲಿ, ನನ್ನ ಕಣ್ಣೆದುರಿಗೇ, ಚಕ್ರಗಳಿಂದ ಹೊಗೆ ಎದ್ದಿತು. ಕಾರು ತಿರುಗುವ ಬದಲು ನೆಟ್ಟಗೆ ಹೋಗಿ ಮಣ್ಣಿನಲ್ಲಿ ಹೂತುಕೊಂಡಿತು. ಸಾಹೇಬರಿಗೆ ಏನೂ ಆಗಲಿಲ್ಲ. ನನ್ನ ಸುತ್ತು ಹೋಯಿತು. ಹೆಲ್ಮೆಟ್ ತೆಗೆದು ಕೆಳಗಿಟ್ಟೆ.

ಎಳೆದು ತರಲು ಅಲ್ಲೊಂದು ಟ್ರ್ಯಾಕ್ಟರ್ ಇತ್ತು, ಅದರ ಡ್ರೈವರ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಯಾರಿಗಾದರೂ ಟ್ರ್ಯಾಕ್ಟರ್ ಬರುತ್ತದಾ ಅಂತ ಟ್ರ್ಯಾಕಿನವರು ಕೇಳಿದರು. ಹೈದರಾಬಾದಿಗೆ ಬಂದಾಗಿನಿಂದ ನಾನು ಹುಟ್ಟುತ್ತಲೇ ಕಾರು ಓಡಿಸಿದವನು ಅಂತ ಎಲ್ಲರನ್ನೂ ನಂಬಿಸಿದ್ದೆ, ಊರಿನಲ್ಲಿ ಓಡಿಸಿದ್ದು ಬರೀ ಟ್ರ್ಯಾಕ್ಟರ್ ಅಂತ ಯಾರಿಗೂ ಹೇಳಿರಲಿಲ್ಲ. ಆದರೆ ಕೈ ನನ್ನ ಮಾತು ಕೇಳಲಿಲ್ಲ, ತಾನೇ ಮೇಲೆದ್ದಿತು. ಟವೆಲ್ ಸುತ್ತಿಕೊಂಡು ಹತ್ತಿದೆ. ಕಬ್ಬಿಣದ ರಾಡಿನಿಂದ ಕಾರನ್ನು ಹಿಂದೆ ಕಟ್ಟಿ ಮಣ್ಣಿನಿಂದ ಎಳೆದೆ. ಆಗ ಟ್ರ್ಯಾಕಿನವರು ಹೇಳಿದರು: ಇಲ್ಲಿ ಉಲ್ಟಾ ಬರುವಂತಿಲ್ಲ, ಯಾರೇ ಆಗಲಿ, ಮುಂದೆಯೇ ಹೋಗಿ ಸುತ್ತಿಕೊಂಡು ಬರಬೇಕು.

ಹೋದೆ. ಎರಡನೇ ತಿರುವಿಗೆ ಹೊರಗಿನಿಂದ ಬಂದು ಒಳಗೆ ಕೊಯ್ದೆ. ಮೂರನೆಯದರಲ್ಲಿ ಸರಿಯಾಗಿ ಎಲ್ಲಿ ಒತ್ತಬೇಕೋ ಅಲ್ಲಿ ಬ್ರೇಕ್ ಒತ್ತಿದೆ, ಯಾವ ಅಕ್ಕನ ಕಾಲೂ ಅಡ್ಡ ಬರಲಿಲ್ಲ. ಹಿಂದೆ ಸಾಹೇಬರು ಸ್ಟೇರಿಂಗ್ ಹಿಡಿದು ನನ್ನ ದಾರಿಯಲ್ಲೇ ಬರುತ್ತಿದ್ದರು. ಬೇರೆ ದಾರಿ ಅವರಿಗಿರಲಿಲ್ಲ. ಗೋಡೆಯ ಹತ್ತಿರ ಬಂದಾಗ ಉಸ್ತಾದ್ ಟೋಪಿ ತೆಗೆದು ಬೀಸಿದರು.

ಇಳಿದ ಮೇಲೆ ಸಾಹೇಬರು ಮುಖ ಒರೆಸಿಕೊಳ್ಳುತ್ತ, ಮೂರನೇ ತಿರುವು ನೀ ನನಗಿಂತ ಭಾಳ ಚಲೋ ತಗೊಂಡಿ ಅಂದರು.

“ನನ್ನ ಸುತ್ತು ಯಾವಾಗ್ರಿ ಸರ?” ಜೀವನದಲ್ಲಿ ಮೊದಲ ಸಲ ಕೇಳಿದೆ.

“ಈಗ ಆತಲ್ಲೋ.”

ಹಾಗೆ, ಕೊನೆಗೆ ನನಗೆ ಕೊಟ್ಟದ್ದು ಒಂದು ಸುತ್ತು, ಟ್ರ್ಯಾಕ್ಟರ್ ಮೇಲೆ.